ಪುಟ್ಟಗಂಗವ್ವ ಕೊಟ್ಟ ಪದ

ಹತ್ತು ಗಂಟೆಗೆ ಬರಹೇಳಿದ್ದರು. ಅತ್ತೆ ಸೊಸೆ ಒಂಬತ್ತೂವರೆಗೇ ಬಂದು ಠಾಣೆಯ ಒಳಬಾಗಿಲ ಪಕ್ಕ ನಿಂತರು. ಈಗ ಹನ್ನೊಂದೂಕಾಲು. ಗೋಡೆಗೆ ಒತ್ತಿದಂತೆ ಒಂದು ಬೆಂಚಿತ್ತು. ಕೂರಿ ಅಂತ ಯಾರೂ ಅನ್ನಲಿಲ್ಲ. ಸಿದ್ದಮ್ಮ ಕೇಳಲೂ ಇಲ್ಲ.

ಸಿದ್ದಮ್ಮನ ಎಡಗೈ ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿತ್ತು. ಮೊನ್ನೆ ಕೊಬ್ಬರಿಯ ಚಿಪ್ಪು ಬಿಡಿಸುವಾಗ ಮಚ್ಚು ಜಾರಿತ್ತು. ಬಟ್ಟೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅವಳು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಪವಿತ್ರಾ ಎಲ್ಲರ ಮುಖ ನೋಡುತ್ತಿದ್ದಳು. ಅದು ಅವಳ ಅಭ್ಯಾಸ. ಯಾರ ದನಿ ಯಾವಾಗ ಏರುತ್ತದೆ, ಯಾರು ಯಾವಾಗ ಎದ್ದು ನಿಲ್ಲುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಬೇಕು. ಕಾಲೋನಿಯಲ್ಲಿ ಹುಟ್ಟಿ ಊರೊಳಗಿನ ಶಾಲೆಗೆ ಹೋದವಳು ಅಕ್ಷರಕ್ಕಿಂತ ಮೊದಲು ಕಲಿತದ್ದು ಅದನ್ನೇ.

ಹೆಡ್ ಕಾನ್‌ಸ್ಟೇಬಲ್ ಗಂಗರಾಜು ಕನ್ನಡಕ ಏರಿಸಿಕೊಂಡು ಫೈಲು ತೆಗೆದ.

"ಸಿದ್ದಮ್ಮ ಅಂದ್ರೆ ನೀನೇನಮ್ಮ?"

"ನಾನೇ ಸ್ವಾಮಿ."

"ಸಿದ್ದಮ್ಮ ಕೋಂ ಲೇಟ್ ಹುಚ್ಚರಂಗಯ್ಯ, ಐವತ್ತೆಂಟು ವರ್ಷ, ಕೂಲಿ ಕೆಲಸ. ಸರಿನಾ? ನಿನ್ ಮೇಲೆ ವಂಚನೆ ದೂರು ಬಂದೈತೆ. ಮುನ್ನೂರ ಹದಿನೆಂಟು, ಸಬ್ ನಾಲ್ಕು. ಮೊದ್ಲು ನಾನೂರ ಇಪ್ಪತ್ತು ಅಂತಿದ್ವಲ್ಲ, ಅದೇಯ."

ನಾನೂರ ಇಪ್ಪತ್ತು ಅಂದರೆ ಸಿದ್ದಮ್ಮನಿಗೆ ಗೊತ್ತಿತ್ತು. ಸಂತೆಯಲ್ಲಿ ತೂಕ ಹೊಡೆಯುವವರನ್ನು ಜನ ಹಾಗೆ ಬೈಯುತ್ತಿದ್ದರು.

"ನಾನ್ ಯಾರಿಗ್ ಮೋಸ ಮಾಡಿದ್ದೀನಿ?" ಅಂದಳು.

ಅಷ್ಟರಲ್ಲಿ ಗಂಗರಾಜುವಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮೊದಲು ಡಿಜೆಯ ದಡಬಡ. ಅದರ ಹಿಂದೆ ಒಂದು ಹೆಂಗಸಿನ ದನಿ. ಒರಟು ದನಿ, ಎಳೆದು ಹಾಡುವ ದನಿ.

ಚಿಪ್ಪು ಬಿಟ್ಟ ಕೊಬ್ರಿ ಗುಂಡಾಗೇ ಬಂತವ್ವ
ನನ್ನ ಬೆರಳಿಂದೊಂದೆಸಳು ಹೋಯ್ತವ್ವ

ಸಿದ್ದಮ್ಮನದೇ ದನಿ. ಗಂಗರಾಜು ಅವಸರದಲ್ಲಿ ಕಾಲ್ ಕಟ್ ಮಾಡಿ ಫೋನನ್ನು ಬೋರಲು ಹಾಕಿದ. ಸಿದ್ದಮ್ಮನ ಮುಖ ನೋಡಲಿಲ್ಲ. ಫೈಲಿನ ಹಾಳೆ ತಿರುವಿ ಓದತೊಡಗಿದ.

"ಸದರಿ ಆರೋಪಿಯು ಸದರಿ ಗೀತೆಯು ತನ್ನ ಸ್ವಂತ ರಚನೆ ಎಂದು ಬರೆದುಕೊಟ್ಟು, ನಮ್ಮನ್ನು ನಂಬಿಸಿ, ಒಪ್ಪಂದ ಮಾಡಿಕೊಂಡು, ನಂತರ ಸಾರ್ವಜನಿಕವಾಗಿ ಅದು ಬೇರೊಬ್ಬರ ರಚನೆ ಎಂದು ಹೇಳಿ, ನಮ್ಮ ಸಂಸ್ಥೆಗೆ ನಷ್ಟ ಉಂಟುಮಾಡಿರುತ್ತಾಳೆ."

"ಸ್ವಂತ ಅಂತ ಯಾರ್ ಹೇಳುದ್ರು?" ಸಿದ್ದಮ್ಮ ಕೇಳಿದಳು. "ನಾನ್ ಹೇಳಿಲ್ಲ ಸ್ವಾಮಿ. ಪವಿತ್ರಾ, ನಾನ್ ಹೇಳಿದ್ನೇನೆ?"

ಪವಿತ್ರಾ ಅತ್ತೆಯ ಮುಖದಿಂದ ಕಣ್ಣು ತೆಗೆದು ಫೈಲಿನ ಕಡೆ ನೋಡಿದಳು.

ಮೂರು ವರ್ಷದ ಹಿಂದಿನ ಮಾತು. ಬಿಳಿಗೆರೆ ಕಡೆ ಮಲ್ಲಿಕಾರ್ಜುನಯ್ಯನವರದು ಹನ್ನೆರಡು ಎಕರೆ ತೋಟ, ಎರಡು ಕೊಬ್ಬರಿ ಅಟ್ಟ. ತೆಂಗಿನಕಾಯಿ ಅಟ್ಟದ ಮೇಲೆ ವರ್ಷ ಒಣಗುತ್ತದೆ. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಗಂಡಸರು ಸಿಪ್ಪೆ ಸುಲಿಯುತ್ತಾರೆ. ಹೆಂಗಸರು ಸಾಲಾಗಿ ಕೂತು ಚಿಕ್ಕ ಮಚ್ಚಿನಿಂದ ಚಿಪ್ಪು ಬಿಡಿಸುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಪೆಟ್ಟು ಜೋರಾದರೆ ಕೊಬ್ಬರಿ ಹೋಳಾಗುತ್ತದೆ, ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಪೆಟ್ಟು ಓರೆಯಾದರೆ ಬೆರಳು ಹೋಗುತ್ತದೆ, ಅದಕ್ಕೆ ಏನೂ ಕೊಡುವುದಿಲ್ಲ. ಸಿದ್ದಮ್ಮನ ಎಡಗೈಯಲ್ಲಿ ಮೂರು ಬೆರಳಿಗೆ ಮಾತ್ರ ಉಗುರಿದೆ. ಪಡಿತರದ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಂದು ಸಲಕ್ಕೆ ಒಪ್ಪಿದ್ದೇ ಇಲ್ಲ. ಗೆರೆಗಳೆಲ್ಲ ಸವೆದಿವೆ.

ಆ ಸಾಲಿನಲ್ಲಿ ಕೂತು ಹೆಂಗಸರು ಹಾಡುತ್ತಿದ್ದರು. ಒಬ್ಬಳು ಎತ್ತುವುದು, ಉಳಿದವರು ಸೊಲ್ಲು ಹಿಡಿಯುವುದು. ಎತ್ತುವವಳಿಗೆ ಒಂದು ಕಟ್ಟಳೆ. ಪದ ಕೊಟ್ಟವಳ ಹೆಸರು ಮೊದಲು ಹೇಳಬೇಕು. 'ಪುಟ್ಟಗಂಗವ್ವ ಕೊಟ್ಟ ಪದ, ಅವ್ಳ ಬಾಯಿ ತಣ್ಣಗಿರ್ಲಿ' ಅಂದ ಮೇಲೆಯೇ ಪದ. ಹೇಳದೆ ಎತ್ತಿದರೆ ಆ ಪದ ಬಾಯಲ್ಲಿ ನಿಲ್ಲುವುದಿಲ್ಲ ಅಂತ ಅವರ ನಂಬಿಕೆ. ಪುಟ್ಟಗಂಗವ್ವ ಸಿದ್ದಮ್ಮನ ಅತ್ತೆ. ಅದೇ ಅಟ್ಟದಲ್ಲಿ ದುಡಿದವಳು. ಏಣಿಯ ಮೆಟ್ಟಿಲು ಮುರಿದು ಬಿದ್ದು, ಸೊಂಟ ಹೋಗಿ, ಮೂರು ತಿಂಗಳು ಚಾಪೆಯ ಮೇಲೆ ಮಲಗಿ ಸತ್ತಳು. ತೋಟದ ಮನೆಯಿಂದ ಅರ್ಧ ಮೂಟೆ ರಾಗಿ ಬಂತು. ಆ ಮೂರು ತಿಂಗಳಲ್ಲಿ ಅವಳು ಸೊಸೆಗೆ ತನ್ನಲ್ಲಿದ್ದ ಪದಗಳನ್ನೆಲ್ಲ ಕೊಟ್ಟಳು. ಕೊಡಲು ಬೇರೇನೂ ಇರಲಿಲ್ಲ.

ಮಲ್ಲಿಕಾರ್ಜುನಯ್ಯನವರ ಮಗ ರೇಣುಕಪ್ರಸಾದ್ ತಿಪಟೂರಿನಲ್ಲಿ ಅಂಗಡಿಯ ಮೇಲಿನ ಕೋಣೆಗೆ ಸ್ಪಂಜು ಹೊಡೆಸಿ 'ಸಿರಿಗರಿ ಮ್ಯೂಸಿಕ್' ಅಂತ ಬೋರ್ಡು ಹಾಕಿದ್ದ. ಅಟ್ಟದಲ್ಲಿ ಒಂದು ದಿನ ನಿಂತು ಕೇಳಿದ. ಮರುದಿನ ಕಾರಿನ ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ ಸಿದ್ದಮ್ಮನನ್ನೂ ಪವಿತ್ರಾಳನ್ನೂ ಕರೆದುಕೊಂಡು ಹೋದ.

ಅಲ್ಲಿ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಇವರಿಬ್ಬರಿಗೆ ಮಾತ್ರ ಹೊರಗೆ ಬಿಡಿ ಅಂದರು. ಕುರ್ಚಿ ಇತ್ತು. "ಸಿದ್ದಿ ನೆಲದ್ ಮೇಲೇ ಕೂರ್ಲಿ, ಕುರ್ಚಿ ಮೇಲೆ ಕೂತ್ರೆ ಇವ್ಳಿಗೆ ಗಂಟ್ಲು ಬರಲ್ಲ" ಅಂತ ರೇಣುಕಪ್ರಸಾದ್ ನಕ್ಕ. ಮೈಕನ್ನು ನೆಲದವರೆಗೆ ಇಳಿಸಿದರು. ಉಳಿದವರಿಗೆ ಗಾಜಿನ ಲೋಟ, ಇವರಿಗೆ ಪೇಪರ್ ಕಪ್ಪು. ಪವಿತ್ರಾ ಎಲ್ಲವನ್ನೂ ನೋಡಿದಳು. ಸಿದ್ದಮ್ಮ ನೀರು ಕುಡಿದು, ಪುಟ್ಟಗಂಗವ್ವನ ಹೆಸರು ಹೇಳಿ, ಪದ ಎತ್ತಿದಳು. ಒಂದೇ ಸಲಕ್ಕೆ ಮುಗಿಯಿತು.

ಆಮೇಲೆ ಕಾಗದ ಬಂತು. ನಾಲ್ಕು ಪುಟ ಇಂಗ್ಲಿಷ್, ಒಂದು ಪುಟ ಕನ್ನಡದ ಫಾರಂ. ಪವಿತ್ರಾ ಬಿ.ಎ. ಓದಿದವಳು. ಇಂಗ್ಲಿಷನ್ನು ಎರಡು ಸಲ ಓದಿದಳು. ಬರುವ ಹಣದಲ್ಲಿ ನೂರಕ್ಕೆ ಇಪ್ಪತ್ತು ರಾಯಲ್ಟಿ, ಆರು ತಿಂಗಳಿಗೊಮ್ಮೆ. ಸರಿಯಾಗಿಯೇ ಇತ್ತು. ಫಾರಂ ತುಂಬತೊಡಗಿದಳು. 'ರಚನೆ' ಅನ್ನುವ ಕಡೆ 'ಪು' ಅಂತ ಬರೆದಿದ್ದಳು.

"ಯಾರದು ಅದು?" ರೇಣುಕಪ್ರಸಾದ್ ಬಗ್ಗಿ ಕೇಳಿದ.

"ನಮ್ಮತ್ತೆಯವರ ಅತ್ತೆ ಸರ್. ತೀರ್ಕೊಂಡಿದ್ದಾರೆ."

"ಸತ್ತೋರ್ ಹೆಸ್ರು ಹಾಕುದ್ರೆ ವಾರಸುದಾರರು ಯಾರು, ಸಹಿ ಎಲ್ಲಿ ಅಂತಾರೆ. ಜಾನಪದ ಅಂದ್ರೆ ಒಂದ್ ಕಾಸೂ ಬರಲ್ಲ. ಸ್ವಂತ ರಚನೆ ಅಂತ ಬರಿಯಮ್ಮ. ಓದಿರೋಳು ನೀನು, ನಾನೇ ಹೇಳ್ಬೇಕಾ?"

ಆ ಮಾತಿಗೆ ಅವಳು ಬಿದ್ದಳು. ಓದಿರೋಳು ಅಂದದ್ದಕ್ಕೆ. 'ಪು' ಹೊಡೆದುಹಾಕಿ 'ಸ್ವಂತ ರಚನೆ' ಅಂತ ದುಂಡಗೆ ಬರೆದಳು. ಸಿದ್ದಮ್ಮ ಗೋಡೆಯ ಸ್ಪಂಜು ಮುಟ್ಟಿ ನೋಡುತ್ತಿದ್ದಳು. ಕರೆದಾಗ ಬಂದು ಹೆಬ್ಬೆಟ್ಟು ಒತ್ತಿದಳು. ಏನು ಬರೆದೆ ಅಂತ ಕೇಳಲಿಲ್ಲ. ಸೊಸೆ ಬರೆದದ್ದನ್ನು ಅವಳು ಯಾವತ್ತೂ ಕೇಳಿದವಳಲ್ಲ.

ಪದ ಹೊರಗೆ ಬಂತು. ಪುಟ್ಟಗಂಗವ್ವನ ಹೆಸರು ಹೇಳಿದ ಭಾಗ ಕತ್ತರಿಸಿದ್ದರು. ಕೆಳಗೆ ಡಿಜೆ ಕೂರಿಸಿದ್ದರು. ವಿಡಿಯೋದಲ್ಲಿ ಯಾವಳೋ ಬೆಳ್ಳನೆಯ ಹುಡುಗಿ ಲಂಗ ಹಾರಿಸಿಕೊಂಡು ತೆಂಗಿನ ಮರದ ಸುತ್ತ ಕುಣಿಯುತ್ತಿದ್ದಳು. ನಲವತ್ತು ಲಕ್ಷ ಜನ ನೋಡಿದರು. ಮದುವೆ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಜಿಮ್ಮಿನಲ್ಲಿ ಅದೇ. ಮೊದಲಾದರೆ ಮದುವೆ ಮನೆಯವರು ಸಿದ್ದಮ್ಮನ ಗುಂಪನ್ನು ಕರೆಸಿ ಚಪ್ಪರದ ಆಚೆ ಅಂಚಿಗೆ ಕೂರಿಸಿ ಹಾಡಿಸುತ್ತಿದ್ದರು. ಈಗ ಕರೆಯುವುದು ಬಿಟ್ಟರು. ಸ್ಪೀಕರಿಗೆ ಬೇರೆ ಎಲೆ ಹಾಕಬೇಕಾಗಿರಲಿಲ್ಲ.

ಆರು ತಿಂಗಳು ಕಳೆಯಿತು. ವರ್ಷ ಕಳೆಯಿತು. ರಾಯಲ್ಟಿ ಬರಲಿಲ್ಲ. ಪವಿತ್ರಾ ನಾಲ್ಕು ಸಲ ಆ ಮೆಟ್ಟಿಲು ಹತ್ತಿದಳು. ಕೊನೆಯ ಸಲ ಬಾಗಿಲಿನಲ್ಲೇ ನಿಲ್ಲಿಸಿ, ಎಡಿಟಿಂಗ್ ಖರ್ಚೇ ಇನ್ನೂ ಹುಟ್ಟಿಲ್ಲ ಅಂದರು. ಹೋದ ಫೆಬ್ರವರಿಯಲ್ಲಿ ಅವಳು ಎರಡು ಪುಟದ ದೂರು ಬರೆದು, ಒಪ್ಪಂದದ ನಕಲು ಲಗತ್ತಿಸಿ, ಇದೇ ಠಾಣೆಗೆ ತಂದುಕೊಟ್ಟಿದ್ದಳು. ಒಪ್ಪಂದ ಮಾಡಿಕೊಂಡು ಹಣ ಕೊಡದೆ ವಂಚಿಸಿದ್ದಾರೆ ಅಂತ. ಇದೇ ಗಂಗರಾಜು ಇದೇ ಮೇಜಿನ ಹಿಂದೆ ಕೂತು ಓದಿ ವಾಪಸು ಕೊಟ್ಟಿದ್ದ.

"ಇದು ಸಿವಿಲ್ ಮ್ಯಾಟರ್ ಕಣಮ್ಮ. ಅಗ್ರಿಮೆಂಟ್ ವಿಚಾರ ಪೊಲೀಸ್ನೋರಿಗೆ ಬರಲ್ಲ. ಕೋರ್ಟಿಗ್ ಹೋಗಿ."

ಈಗ ಅದೇ ಅಗ್ರಿಮೆಂಟಿನ ನಕಲು ಅದೇ ಮೇಜಿನ ಮೇಲಿತ್ತು. ರೇಣುಕಪ್ರಸಾದ್ ತಂದುಕೊಟ್ಟರೆ ಅದು ಅಪರಾಧ.

ಹೋದ ತಿಂಗಳು ಕಾಲೋನಿಯಲ್ಲೇ ಒಂದು ಮದುವೆ ಆಯಿತು. ಸ್ಪೀಕರು ಕೆಟ್ಟಿತು. ಹೆಂಗಸರು ಸಿದ್ದಮ್ಮನನ್ನು ಎಳೆದು ಕೂರಿಸಿದರು. ಅವಳು ಪುಟ್ಟಗಂಗವ್ವನ ಹೆಸರು ಹೇಳಿ ಹಾಡಿದಳು. ಯಾರೋ ಫೋನಿನಲ್ಲಿ ಹಿಡಿದು ಹಾಕಿದರು. ಅದು ಊರೂರು ಸುತ್ತಿತು. ಅಸಲಿ ಪದ ಇದೇ ಅಂತ ಜನ ಬರೆದರು. ಪುಟ್ಟಗಂಗವ್ವ ಯಾರು ಅಂತ ಕೇಳಿದರು. ಒಂದು ವಾರಕ್ಕೆ ಠಾಣೆಯಿಂದ ಕರೆ ಬಂತು.

ನಿನ್ನೆ ಸಂಜೆ ಪವಿತ್ರಾಳ ಗಂಡ ಬಸವರಾಜು ಮುದ್ದೆ ಮುರಿಯದೆ ಕೂತಿದ್ದ. ಅವನು ಅದೇ ತೋಟದಲ್ಲಿ ಕಾಯಿ ಕೆಡವುತ್ತಾನೆ.

"ಅವ್ರು ಕೇಳಿದ್ ಕಡೆ ಒತ್ತಿ ಬಂದ್ಬುಡವ್ವ. ರಾಜಿ ಮಾಡ್ಕೊತೀವಿ ಅಂತಿದಾರೆ."

"ಏನಂತ ಒತ್ಲಿ?"

"ಏನಾರ ಇರ್ಲಿ. ಪದ ತಿಂದ್ಕೊಂಡ್ ಇರಕ್ಕಾಯ್ತದಾ? ಇವ್ಳದು ಅಂಗನವಾಡಿ ಕೆಲ್ಸದ್ ಲಿಸ್ಟಲ್ಲಿ ಮೊದ್ಲನೇ ಹೆಸ್ರು. ಆಕ್ಷೇಪಣೆ ಹಾಕಕ್ಕೆ ಇನ್ನ ಏಳು ದಿನ ಐತೆ. ಮನೇಲಿ ಕೇಸಾಯ್ತು ಅಂದ್ರೆ ಯಾರ್ ಬುಡ್ತಾರೆ?"

ಸಿದ್ದಮ್ಮ ಸೊಸೆಯ ಕಡೆ ನೋಡಿದ್ದಳು. "ನೋಡನ ಬುಡು" ಅಂದಿದ್ದಳು. ಪವಿತ್ರಾ ಮುದ್ದೆಯ ತಟ್ಟೆಯನ್ನು ಗಂಡನ ಹತ್ತಿರಕ್ಕೆ ಸರಿಸಿದ್ದಳು.

ಹನ್ನೆರಡಕ್ಕೆ ರೇಣುಕಪ್ರಸಾದ್ ಬಂದ. ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ. ಅವನ ಹಿಂದೆಯೇ ಸಬ್‌ಇನ್‌ಸ್ಪೆಕ್ಟರ್ ತಿಲಕ್ ಒಳಗೆ ಬಂದ. ರೇಣುಕಪ್ರಸಾದನಿಗೆ ಕುರ್ಚಿ ಎಳೆದು ಹಾಕಿದರು. ಟೀ ಬಂತು. ಎರಡು ಲೋಟ.

"ನೋಡಮ್ಮ" ತಿಲಕ್ ಶುರು ಮಾಡಿದ. ಕಿರಿಯ ವಯಸ್ಸು, ಬೈಯುವವನ ಹಾಗೆ ಕಾಣುತ್ತಿರಲಿಲ್ಲ. "ನಿಮ್ಮಂಥವರನ್ನ ಕೋರ್ಟು ಕಚೇರಿ ಅಂತ ಓಡಾಡಿಸೋದು ನನಗೂ ಇಷ್ಟ ಇಲ್ಲ. ಇವರು ದೊಡ್ಡ ಮನಸ್ಸು ಮಾಡಿದ್ದಾರೆ. ಈ ಪತ್ರಕ್ಕೆ ಹೆಬ್ಬೆಟ್ಟು ಹಾಕಿ, ಇದರಲ್ಲಿರೋದನ್ನ ವಿಡಿಯೋದಲ್ಲಿ ಒಂದು ಸಲ ಹೇಳಿಬಿಡಿ. ದೂರು ವಾಪಸ್ ತಗೋತಾರೆ."

ಪತ್ರವನ್ನು ಪವಿತ್ರಾ ಓದಿದಳು. ಮೂರು ವಾಕ್ಯ. ಈ ಪದವು ನನ್ನ ಸ್ವಂತ ರಚನೆ. ಇದರ ಸಂಪೂರ್ಣ ಹಕ್ಕನ್ನು ಸಿರಿಗರಿ ಮ್ಯೂಸಿಕ್‌ಗೆ ಕೊಟ್ಟಿದ್ದೇನೆ. ನನಗೆ ಬರಬೇಕಾದ ಹಣವೆಲ್ಲ ಬಂದಿದೆ.

"ಹಣ ಬಂದಿಲ್ವಲ್ಲ ಸರ್" ಅಂದಳು.

"ಕೊಡ್ತೀನಮ್ಮ, ಹೋಗ್ತಾ ಹತ್ತು ಸಾವಿರ ಕೊಡ್ತೀನಿ" ರೇಣುಕಪ್ರಸಾದ್ ಕೈಯಾಡಿಸಿದ. "ಬೆಂಗ್ಳೂರಿನ್ ಪಾರ್ಟಿ ಸಿನಿಮಾಗೆ ಈ ಸಾಂಗ್ ಕೇಳ್ತಾವ್ರೆ. ಪುಟ್ಟಗಂಗವ್ವ ಯಾರು, ಅವಳ ಮೊಮ್ಮಕ್ಕಳು ಕೇಸ್ ಹಾಕಲ್ವಾ ಅಂತ ತಲೆ ತಿಂತಾವ್ರೆ. ಇವ್ಳ ಬಾಯಿಂದ್ಲೇ ನಂದು ಅಂದ್ಬುಟ್ರೆ ಮುಗೀತು. ಲೇ ಸಿದ್ದಿ, ಇಲ್ಲಿ ನೋಡು."

ಅವನು ಫೋನ್ ಎತ್ತಿ ಹಿಡಿದ.

"ಹೇಳು. ಈ ಪದ ನಂದೇ, ನಾನೇ ಕಟ್ಟಿದ್ದು. ಅಷ್ಟೇಯ."

ಸಿದ್ದಮ್ಮ ಫೋನನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು.

"ಪುಟ್ಟಗಂಗವ್ವ ಕೊಟ್ಟ ಪದ. ಅವ್ಳ ಬಾಯಿ ತಣ್ಣಗಿರ್ಲಿ."

"ಥೂ. ಅದಲ್ಲ ಕಣೇ. ನಂದು ಅನ್ನು."

"ಅಂಗನ್ನಕ್ಕೆ ಬರಲ್ಲ ಬುದ್ಧಿ."

"ಮೂರ್ ಮಾತು ಬರಲ್ವಾ? ಅಷ್ಟುದ್ದ ಪದ ಬತ್ತದೆ."

"ಪದ ಅಂದ್ರೆ ಅವ್ಳ ಹೆಸ್ರೇ ಮೊದ್ಲು ಬತ್ತದೆ."

ಗಂಗರಾಜು ಕೆಮ್ಮಿದ. ತಿಲಕ್ ಗಡಿಯಾರ ನೋಡಿದ. "ವಿಡಿಯೋ ಆಮೇಲೆ ನೋಡೋಣ. ಮೊದಲು ಹೆಬ್ಬೆಟ್ಟು ಹಾಕಿಸ್ರೀ."

ಗಂಗರಾಜು ಶಾಯಿ ಪ್ಯಾಡು ಮುಂದಕ್ಕೆ ತಳ್ಳಿದ. ಸಿದ್ದಮ್ಮ ಸೆರಗಿನಿಂದ ಎಡಗೈ ತೆಗೆದಳು. ಬಟ್ಟೆ ಸುತ್ತಿದ ಹೆಬ್ಬೆರಳು.

"ಇನ್ನೊಂದು ಕೈ ಐತಲ್ಲ" ರೇಣುಕಪ್ರಸಾದ್ ಅಂದ. ಎದ್ದು ಬಂದು ಅವಳ ಬಲಗೈ ಮಣಿಕಟ್ಟು ಹಿಡಿದ. ಕಾಯಿ ಹಿಡಿದಂತೆ ಹಿಡಿದು ಪ್ಯಾಡಿನ ಕಡೆ ಎಳೆದ.

ಪವಿತ್ರಾ ನೋಡುತ್ತಿದ್ದಳು. ಅವನು ಅತ್ತೆಯನ್ನು ಮುಟ್ಟಿದ್ದು ಇದೇ ಮೊದಲು. ಇಷ್ಟು ವರ್ಷದಲ್ಲಿ ಕೂಲಿಯನ್ನೂ ಮೇಲಿನಿಂದಲೇ ಹಾಕುತ್ತಿದ್ದ ಮನೆ ಅದು.

ಸಿದ್ದಮ್ಮ ಮುಷ್ಟಿ ಕಟ್ಟಿದಳು. ಮಚ್ಚು ಹಿಡಿದು ನಲವತ್ತು ವರ್ಷ ಮಾಗಿದ ಮುಷ್ಟಿ. ರೇಣುಕಪ್ರಸಾದ್ ಬೆರಳು ಬಿಡಿಸಲು ನೋಡಿದ. ಆಗಲಿಲ್ಲ.

"ಕೈ ಬುಡು ಪ್ರಸಾದಪ್ಪ" ಅಂದಳು.

ಬುದ್ಧಿ ಅನ್ನಲಿಲ್ಲ. ಅದು ಎಲ್ಲರಿಗೂ ಕೇಳಿಸಿತು. ಅವನು ಕೈ ಬಿಟ್ಟ.

"ನಿಮ್ಮ ಅಟ್ಟದ ಏಣಿಯಿಂದ ಬಿದ್ದೋಳು ಅವ್ಳು. ಸೊಂಟ ನಿಮ್ಮನೇಲಿ ಹೋಯ್ತು. ಜೀವ ಅದ್ರಿಂದ್ಲೇ ಹೋಯ್ತು. ಅರ್ಧ ಮೂಟೆ ರಾಗಿ ಕೊಟ್ರಿ, ಇಸ್ಕಂಡ್ವಿ. ನನ್ ಕೈಬೆಳ್ಳು ಹೋಯ್ತು, ಕೇಳ್ಲಿಲ್ಲ. ನೀನ್ ಕೊಡ್ಬೇಕಾದ್ ದುಡ್ಡು ಕೊಡ್ಲಿಲ್ಲ, ಅದ್ನೂ ಬುಡು. ಅವ್ಳದು ಅಂತ ಈ ಭೂಮಿ ಮೇಲೆ ಉಳ್ದಿರೋದು ಅವ್ಳು ಕೊಟ್ಟ ಪದ ಒಂದೇಯ. ಅದನ್ನ ನಂದು ಅಂತ ನಾನ್ ಹೇಳಲ್ಲ. ಹೇಳುದ್ರೆ ನಾನೂ ನೀನೂ ಒಂದೇ ಆಯ್ತೀವಿ."

"ನೋಡಿದ್ರಾ ಸರ್" ರೇಣುಕಪ್ರಸಾದ್ ತಿಲಕ್ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ಎಷ್ಟ್ ಕೊಬ್ಬು ನೋಡಿ. ಸ್ವಂತ ಅಂತ ಬರ್ಕೊಟ್ಟೋಳೂ ಇವ್ಳೇ, ಈಗ ಅಲ್ಲ ಅನ್ನೋಳೂ ಇವ್ಳೇ. ಇದೇ ಅಲ್ವಾ ಚೀಟಿಂಗು? ರಾಜಿ ಬೇಡ, ಕೇಸ್ ಹಾಕಿ."

"ನಾನ್ ಬರ್ಕೊಟ್ಟಿಲ್ಲ" ಸಿದ್ದಮ್ಮ ಅಂದಳು. "ಈ ಸುಳ್ಳು ಯಾರ್ ಬರುದ್ರೋ ಅವ್ರ್ ಕೈ ಸೇದೋಗ."

ಪವಿತ್ರಾ ತನ್ನ ಬಲಗೈ ನೋಡಿಕೊಂಡಳು. ಆರು ದಿನ, ಅಂದುಕೊಂಡಳು. ಆರು ದಿನ ಬಾಯಿ ಮುಚ್ಚಿಕೊಂಡಿದ್ದರೆ ತಿಂಗಳಿಗೊಂದು ಸಂಬಳ. ಅತ್ತೆ ಇನ್ನು ಅಟ್ಟಕ್ಕೆ ಹೋಗಬೇಕಾಗಿಲ್ಲ. ಅತ್ತೆಗೋಸ್ಕರವೇ ಅಂತ ಅವಳು ಒಂದು ವಾರದಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಆ ಮಾತು ಈಗ ಬಾಯಿಗೆ ಕೌಟು ಕೊಬ್ಬರಿಯ ಹಾಗೆ ನಾರಿತು.

"ನಾನು ಬರೆದದ್ದು" ಅಂದಳು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಅಂದಳು.

"ಸ್ವಂತ ರಚನೆ ಅಂತ ಬರೆದವಳು ನಾನು ಸರ್. ನಮ್ಮತ್ತೆಗೆ ಗೊತ್ತಿಲ್ಲ. ಅವರಿಗೆ ಓದಲು ಬರಲ್ಲ. ಮೊದಲು ಪುಟ್ಟಗಂಗವ್ವ ಅಂತ ಬರೆಯಲು ಹೋದೆ. ಬೇಡ, ಸ್ವಂತ ಅಂತ ಬರಿ ಅಂತ ಹೇಳಿದ್ದು ಇವರು. ಫಾರಂ ನೋಡಿ, 'ಪು' ಹೊಡೆದುಹಾಕಿದ್ದು ಕಾಣುತ್ತದೆ."

ಗಂಗರಾಜು ಫೈಲಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೋಡಿದ. ಹಾಗೇ ಫೈಲಿಗೆ ಹಾಕಿದ.

ಸಿದ್ದಮ್ಮ ಸೊಸೆಯ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಪವಿತ್ರಾ ಆ ಮುಖದಲ್ಲಿ ಏನಿದೆ ಅಂತ ಮೊದಲೇ ತಿಳಿಯಲು ಹುಡುಕಿದಳು. ಸಿಗಲಿಲ್ಲ.

"ಓದಿರೋಳು ನೀನು" ಅಂದಳು ಸಿದ್ದಮ್ಮ. ಅಷ್ಟೇ ಅಂದಳು.

ತಿಲಕ್ ಎದ್ದು ಟೋಪಿ ಹಾಕಿಕೊಂಡ. "ಇಬ್ಬರ ಹೇಳಿಕೆಯನ್ನೂ ಬರೆಸ್ಕೊಳಿ. ಸೊಸೆಯನ್ನ ಎರಡನೇ ಆರೋಪಿ ಮಾಡಿ."

"ಹೇಳಿದ್ದು ಇವರು ಅಂತ ಹೇಳಿದೆನಲ್ಲ ಸರ್. ಇವರ ಮೇಲೆ?"

"ಅದು ನಿಮ್ಮ ನಿಮ್ಮ ಒಪ್ಪಂದದ ವಿಚಾರ. ಸಿವಿಲ್ಲು" ಅಂದ. ರೇಣುಕಪ್ರಸಾದನ ಜೊತೆ ಹೊರಗೆ ಹೋದ. ಕಾರು ಶುರುವಾದ ಸದ್ದು ಕೇಳಿತು.

ಠಾಣೆಯಲ್ಲಿ ಗಂಗರಾಜು ಒಬ್ಬನೇ ಉಳಿದ. "ಕೂತ್ಕೊಳಿ ಇಬ್ರೂ" ಅಂದ. "ಈಗ ಟೈಮ್ ಆಯ್ತದೆ." ಬೆಂಚು ಆರೋಪಿಗಳಿಗೆ ಅಂತ ಆಗ ಗೊತ್ತಾಯಿತು. ಅವನು ಬಿಳಿ ಹಾಳೆಯನ್ನು ಪವಿತ್ರಾಳ ಕಡೆ ತಳ್ಳಿದ. "ನಿನ್ ಅಕ್ಷರ ದುಂಡಗೈತೆ. ಅವಮ್ಮ ಹೇಳಿದ್ನ ನೀನೇ ಬರ್ದು ಕೊಡು."

ಪವಿತ್ರಾ ಪೆನ್ನು ಹಿಡಿದಳು. ಅತ್ತೆ ಹೇಳುತ್ತಾಳೋ ಇಲ್ಲವೋ ಅಂತ ಕಾದಳು.

"ಬರಿ" ಸಿದ್ದಮ್ಮ ಎದುರಿನ ಗೋಡೆ ನೋಡುತ್ತ ಅಂದಳು. "ಮೊದ್ಲಿಂದ ಬರಿ. ಈ ಪದ ಕಟ್ಟಿದೋಳು ಹಂದನಕೆರೆ ಕೆಂಚವ್ವ. ಅಟ್ಟದಾಗೆ ಕೊಬ್ರಿ ಬಿಡಿಸ್ತಾ ಬೆಳ್ಳು ಕಳ್ಕಂಡೋಳು. ಅವ್ಳು ತನ್ ಸೊಸೆ ದೊಡ್ಡತಾಯಮ್ಮಂಗೆ ಕೊಟ್ಲು. ದೊಡ್ಡತಾಯಮ್ಮ ಪುಟ್ಟಗಂಗವ್ವಂಗೆ ಕೊಟ್ಲು. ಪುಟ್ಟಗಂಗವ್ವ ನಂಗೆ ಕೊಟ್ಲು. ಎಲ್ರೂ ಕೂಲಿಯೋರೇ. ಬರ್ದಾ?"

"ಬರೆದೆ ಅತ್ತೆ."

"ಓದು."

ಓದಿದಳು. ಸಿದ್ದಮ್ಮ ಒಂದೊಂದು ಹೆಸರಿಗೂ ತಲೆಯಾಡಿಸಿದಳು. ಗಾಯವಾಗದ ಹೆಬ್ಬೆರಳನ್ನು ತಾನೇ ಶಾಯಿಗೆ ಅದ್ದಿ ಹಾಳೆಯ ಕೆಳಗೆ ಒತ್ತಿದಳು. ಗೆರೆಯಿಲ್ಲದ ಒಂದು ನೀಲಿ ಮಚ್ಚೆ ಬಿತ್ತು.

ಆಮೇಲೆ ಪವಿತ್ರಾಳ ಸರದಿ. ಗಂಗರಾಜು ದೊಡ್ಡ ಪುಸ್ತಕ ತೆರೆದ.

"ಹೆಸ್ರು?"

"ಪವಿತ್ರಾ."

"ಪವಿತ್ರಾ ಕೋಂ?"

ಅವಳು ಅತ್ತೆಯ ಕಡೆ ನೋಡಿದಳು.

"ಗಂಡನ್ ಹೆಸ್ರು ಹೇಳಮ್ಮ. ಗಂಡಸ್ರಾದ್ರೆ ಬಿನ್, ಹೆಂಗಸ್ರಾದ್ರೆ ಕೋಂ."

"ಸಿದ್ದಮ್ಮನ ಸೊಸೆ ಅಂತ ಬರ್ಕೊಳಿ."

"ಅತ್ತೆ ಹೆಸ್ರಿಗೆ ಇದ್ರಲ್ಲಿ ಜಾಗ ಇಲ್ಲ ಕಣಮ್ಮ."

"ಜಾಗ ಮಾಡ್ಕೊಳಿ ಸರ್" ಅಂದಳು ಪವಿತ್ರಾ. "ನಾವು ಕೂತಿರ್ತೀವಿ."

ಗಂಗರಾಜು ಪೆನ್ನು ಎತ್ತಿ ಹಿಡಿದೇ ಇದ್ದ. ಬೋರಲು ಬಿದ್ದಿದ್ದ ಫೋನು ಮೇಜಿನ ಮೇಲೆ ಮತ್ತೆ ಹಾಡತೊಡಗಿತು. ಡಿಜೆ ಶುರುವಾಯಿತು. ಅದರ ಮೇಲೆ ಸಿದ್ದಮ್ಮ ಮೆಲ್ಲನೆ ತನ್ನ ಪಾಡಿಗೆ ಎಂಬಂತೆ ಅಂದಳು, "ಪುಟ್ಟಗಂಗವ್ವ ಕೊಟ್ಟ ಪದ."

ಪವಿತ್ರಾ ಸೊಲ್ಲು ಹಿಡಿದಳು. "ಅವ್ಳ ಬಾಯಿ ತಣ್ಣಗಿರ್ಲಿ."